ರೋಗಿಯ ಹಾಸಿಗೆಯ ಬಳಿ ಕರ್ಮದ ಮಾತು

ಕರ್ಮಸಿದ್ಧಾಂತವು ಜೀವನಿಗೆ ಧೈರ್ಯ ಕೊಡುವ ತತ್ತ್ವ. ತನ್ನ ಸುಖದುಃಖಗಳಿಗೆ ಯಾವ ದೇವತೆಯ ಮುನಿಸೂ ಕಾರಣವಲ್ಲ, ತಾನು ಕಟ್ಟಿಕೊಂಡದ್ದನ್ನು ತಾನೇ ಬಿಡಿಸಿಕೊಳ್ಳಬಲ್ಲೆನೆಂಬ ಭರವಸೆಯೇ ಅದರ ತಿರುಳು. ಆದರೆ ಇದೇ ತತ್ತ್ವವನ್ನು ರೋಗಿಯ ಹಾಸಿಗೆಯ ಬಳಿ ನಿಂತು ಇನ್ನೊಬ್ಬರು ನುಡಿದಾಗ ಅದು ಧೈರ್ಯವನ್ನು ಕಸಿಯುವ ಆಯುಧವಾಗುತ್ತದೆ. "ಇದು ನಿನ್ನ ಹಿಂದಿನ ಕರ್ಮದ ಫಲ; ನಮ್ಮ ಮಾರ್ಗಕ್ಕೆ ಬಂದರೆ ಮಾತ್ರ ಕಳೆದೀತು" ಎಂಬ ಮಾತಿನಲ್ಲಿ ತತ್ತ್ವ ಎಷ್ಟು, ಬಲಾತ್ಕಾರ ಎಷ್ಟು ಎಂಬುದನ್ನು ವಿಚಾರಿಸಬೇಕಾಗಿದೆ.

ಖಾನಾಪುರ ತಾಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಯಾರಿಗಾದರೂ ದೊಡ್ಡ ಬೇನೆ ಬಂದರೆ ಬೆಳಗಾವಿಯ ಆಸ್ಪತ್ರೆಗಳೇ ಗತಿ. ಊರು ಬಿಟ್ಟು, ಬಳಗ ಬಿಟ್ಟು ಮಲಗಿದವರ ಬಳಿಗೆ ಉಪದೇಶಕರು ಬರುತ್ತಾರೆ. ಬರುವವರು ಯಾವುದೇ ಒಂದು ಮತಕ್ಕೆ ಸೇರಿದವರಲ್ಲ. ನಮಗೆ ಪರಿಚಿತಳಾದ ಒಬ್ಬ ಶ್ರಾವಿಕೆಯ ಬಳಿಗೆ ಮೊದಲು ಬಂದವರು ಪರಮತದವರು. ತಮ್ಮ ಮಂತ್ರವನ್ನು ಜಪಿಸದೆ ಪೂರ್ವಪಾಪ ತೊಲಗದೆಂದರು. ಎರಡನೆಯ ಸಲ ಬಂದವರು ನಮ್ಮವರೇ. ಹಿಂದಿನ ಜನ್ಮದಲ್ಲಿ ವ್ರತಭಂಗ ಮಾಡಿರಬೇಕು, ಔಷಧ ಬಿಟ್ಟು ಇಷ್ಟು ಉಪವಾಸಗಳ ನಿಯಮ ಹಿಡಿ ಎಂದರು. ಆ ತಾಯಿ ಕೇಳಿದ ಪ್ರಶ್ನೆ ಹೀಗಿತ್ತು: "ಗುರುಗಳ, ನಾ ಏನ್ ಪಾಪ ಮಾಡೀನಿ ಅನ್ನೂದು ನನಗ ಗೊತ್ತಿಲ್ಲ, ಇವರಿಗೆಲ್ಲಾ ಹ್ಯಾಂಗ ಗೊತ್ತಾತ್ರಿ?"

ಪಂಡಿತರೂ ಇದಕ್ಕಿಂತ ಮೇಲಾದ ಪ್ರಶ್ನೆಯನ್ನು ಕೇಳಲಾರರು. ಸುಮಾರು ಇದೇ ಪ್ರಶ್ನೆ ಬೌದ್ಧರ ಸಂಯುತ್ತನಿಕಾಯದಲ್ಲಿಯೂ ಬಂದಿದೆ. ಮನುಷ್ಯನು ಅನುಭವಿಸುವ ಎಲ್ಲ ವೇದನೆಯೂ ಪೂರ್ವಕರ್ಮದಿಂದಲೇ ಬರುವುದೆಂದು ಕೆಲವರು ಹೇಳುವರಲ್ಲ, ಇದಕ್ಕೇನೆನ್ನುವಿರಿ ಎಂದು ಸೀವಕನೆಂಬ ಪರಿವ್ರಾಜಕನು ಬುದ್ಧನನ್ನು ಕೇಳುತ್ತಾನೆ. ಬುದ್ಧನು ಎಂಟು ಕಾರಣಗಳನ್ನು ಎಣಿಸುತ್ತಾನೆ: ಪಿತ್ತ, ಕಫ, ವಾತ, ಈ ಮೂರರ ಕೂಟ, ಋತುಗಳ ವ್ಯತ್ಯಾಸ, ಅಪಥ್ಯವೇ ಮೊದಲಾದ ವಿಷಮ ನಡವಳಿ, ಹೊರಗಿನ ಆಘಾತ, ಎಂಟನೆಯದಾಗಿ ಕರ್ಮವಿಪಾಕ. ಎಲ್ಲವೂ ಪೂರ್ವಕರ್ಮದಿಂದಲೇ ಎನ್ನುವವರು ತಾವು ಸ್ವತಃ ಅರಿಯಬಹುದಾದುದನ್ನೂ ಲೋಕವು ನಿಜವೆಂದು ಒಪ್ಪಿದುದನ್ನೂ ಮೀರಿ ಮಾತನಾಡುತ್ತಾರೆಂಬುದು ಅವನ ಆಕ್ಷೇಪ.

ಬೌದ್ಧರು ಕರ್ಮಕ್ಕೂ ರೋಗಕ್ಕೂ ಸಂಬಂಧವೇ ಇಲ್ಲವೆನ್ನುವವರೆಂದು ಇದರಿಂದ ತಿಳಿಯಬಾರದು. ಜೀವಿಗಳನ್ನು ಪೀಡಿಸಿದವನು ಮುಂದೆ ರೋಗಿಷ್ಠನಾಗುವನೆಂದು ಮಜ್ಝಿಮನಿಕಾಯದ ಒಂದು ಸುತ್ತವು ಹೇಳುತ್ತದೆ. ಧಮ್ಮಪದದ ಅಟ್ಠಕಥೆಯಲ್ಲಿ ಚಕ್ಖುಪಾಲ ಥೇರನ ಕುರುಡುತನಕ್ಕೆ ಪೂರ್ವಜನ್ಮದ ಕೃತ್ಯವನ್ನು ಕಾರಣವಾಗಿ ಕೊಟ್ಟಿದೆ. ಆದರೆ ಹಿಂಸೆಗೆ ಇಂಥ ಫಲವುಂಟೆಂದು ಆರೋಗ್ಯವಂತನಿಗೆ ಎಚ್ಚರಿಸುವುದು ಒಂದು. ಈ ರೋಗವು ಆ ಹಿಂಸೆಯದೇ ಫಲವೆಂದು ಎದುರಿಗೆ ಮಲಗಿದವನಿಗೆ ತೀರ್ಪು ಕೊಡುವುದು ಇನ್ನೊಂದು. ಮೊದಲನೆಯದು ಉಪದೇಶ, ಎರಡನೆಯದು ಆರೋಪ.

ಬೌದ್ಧ ಗ್ರಂಥಗಳಲ್ಲಿ, ವಿಶೇಷವಾಗಿ ದೇವದಹ ಸುತ್ತದಲ್ಲಿ, 'ಎಲ್ಲವೂ ಪೂರ್ವಕರ್ಮದಿಂದಲೇ' ಎಂಬ ಪಕ್ಷವನ್ನು ನಿಗಂಠರ, ಎಂದರೆ ನಮ್ಮವರ, ಮೇಲೆಯೇ ಹೊರಿಸಿದೆ. ಇದಕ್ಕೆ ಉತ್ತರ ಹೇಳುವ ಹೊಣೆ ನಮ್ಮದು. ನೋವಿನ ಅನುಭವಕ್ಕೆ ಅಸಾತಾವೇದನೀಯದ ಉದಯವು ಅಂತರಂಗ ಕಾರಣವೆಂಬುದನ್ನು ನಾವು ಬಿಡುವುದಿಲ್ಲ. ಆದರೆ ಆ ಉದಯಕ್ಕೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಂಡುಬಂದಾಗ ವಿಜ್ಞಾನಿಗಳು ಉಣ್ಣೆಯೆಂಬ ಸಣ್ಣ ಹುಳುವನ್ನೂ ಅದು ಹೊತ್ತ ವೈರಾಣುವನ್ನೂ ಗುರುತಿಸಿದರು. ಅವರು ಕಂಡದ್ದು ನಿಮಿತ್ತವನ್ನು. ನಿಮಿತ್ತವನ್ನು ದೂರಮಾಡುವುದು ಕರ್ಮಸಿದ್ಧಾಂತದ ನಿರಾಕರಣೆಯಾಗದು. ಕರ್ಮವಾದರೂ ಕಲ್ಲಿನ ಬರಹವಲ್ಲ. ನೇಮಿಚಂದ್ರಾಚಾರ್ಯರ ಗೊಮ್ಮಟಸಾರ ಕರ್ಮಕಾಂಡವು ಹೇಳುವ ಹತ್ತು ಕರಣಗಳಲ್ಲಿ ಅಪಕರ್ಷಣ, ಸಂಕ್ರಮಣ, ಉಪಶಮಗಳಿವೆ. ಕಟ್ಟಿದ ಕರ್ಮದ ಬಲ ಕುಗ್ಗಬಹುದು, ಪ್ರಕೃತಿಯೇ ಬದಲಾಗಬಹುದು. ಪುರುಷಾರ್ಥಕ್ಕೆ ಇಷ್ಟು ಎಡೆ ಕೊಟ್ಟ ದರ್ಶನವನ್ನು ವಿಧಿವಾದವೆನ್ನುವುದು ಸಲ್ಲದು.

ಹಾಗಿದ್ದರೆ ಯಾವ ಜನ್ಮದ ಯಾವ ಕರ್ಮ ಇಂದು ಉದಯಕ್ಕೆ ಬಂದಿದೆ ಎಂಬುದನ್ನು ಬಲ್ಲವರಾರು? ಪ್ರತ್ಯಕ್ಷಜ್ಞಾನಿಗಳು ಮಾತ್ರ. ಈ ಪಂಚಮಕಾಲದಲ್ಲಿ ಕೇವಲಿಗಳಿಲ್ಲ. ಆಸ್ಪತ್ರೆಗೆ ಬಂದುಹೋಗುವ ಉಪದೇಶಕನಿಗೆ ಆ ಜ್ಞಾನವಿರಲಾರದು. ಅರಿಯದುದನ್ನು ಅರಿತಂತೆ ನುಡಿದವನಿಗೆ ಸತ್ಯವ್ರತದ ದೋಷ ತಟ್ಟುತ್ತದೆ. ಇದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು, ತನಗಾಗಲಿ ಪರರಿಗಾಗಲಿ ದುಃಖ, ಶೋಕ, ಸಂತಾಪಗಳನ್ನು ಉಂಟುಮಾಡುವುದನ್ನು ಅಸಾತಾವೇದನೀಯದ ಆಸ್ರವಕ್ಕೆ ಕಾರಣವಾಗಿ ಹೇಳಿದ್ದಾರೆ. ರೋಗಿಯನ್ನು ಅಳಿಸಿದ ಉಪದೇಶಕನು ಅವಳ ಕರ್ಮವನ್ನು ಕಳೆಯುವುದಿಲ್ಲ. ತನ್ನ ಲೆಕ್ಕಕ್ಕೆ ಹೊಸದನ್ನು ಕೂಡಿಸಿಕೊಳ್ಳುತ್ತಾನೆ.

ಒತ್ತಾಯದ ಪ್ರಚಾರಕ್ಕೆ ಬೌದ್ಧಮತವೂ ಹೊರತಲ್ಲ. ಯುದ್ಧಾನಂತರದ ಜಪಾನಿನಲ್ಲಿ, ನಿಚಿರೆನ್ ಪರಂಪರೆಯ ಸೋಕಾ ಗಕ್ಕಾಯ್ ಎಂಬ ಗೃಹಸ್ಥರ ಸಂಘವು 1951ರಿಂದ ಜೋಸೆಯಿ ತೋದಾ ಅವರ ನಾಯಕತ್ವದಲ್ಲಿ 7,50,000 ಕುಟುಂಬಗಳನ್ನು ಸೇರಿಸುವ ಗುರಿಯಿಟ್ಟುಕೊಂಡಿತು. ಮುರಿದು ಮಣಿಸುವುದೆಂಬ ಅರ್ಥದ 'ಶಾಕುಬುಕು' ಆ ಪ್ರಚಾರದ ಹೆಸರು. ಸೇರಿದವರಲ್ಲಿ ಬಡವರೂ ರೋಗಿಗಳೂ ಬಹಳ. ಒತ್ತಾಯದ ಕುರಿತು ಟೀಕೆ ಬೆಳೆದು, 1970ರ ಹೊತ್ತಿಗೆ ಸಂಘವೇ ತನ್ನ ಪ್ರಚಾರಕ್ಕೆ ಮಿತಿ ಹಾಕಿಕೊಂಡಿತು. ಗಮನಿಸಬೇಕಾದುದೆಂದರೆ, ನಿಚಿರೆನ್ನರು ಆಧಾರವಾಗಿಟ್ಟುಕೊಂಡ ಚೀನಾದ ಆಚಾರ್ಯ ಝಿಯಿ 6ನೆಯ ಶತಮಾನದಲ್ಲಿ ರೋಗಕ್ಕೆ ಆರು ಕಾರಣಗಳನ್ನು ಹೇಳಿದ್ದಾರೆ. ಕರ್ಮವು ಅವುಗಳಲ್ಲಿ ಒಂದು ಮಾತ್ರ. ಶಾಸ್ತ್ರವು ಆರು ಎಂದಲ್ಲಿ ಪ್ರಚಾರಕನು ಒಂದನ್ನೇ ಹಿಡಿಯುತ್ತಾನೆ, ಏಕೆಂದರೆ ಭಯ ಹುಟ್ಟುವುದು ಆ ಒಂದರಿಂದ.

ಇನ್ನು ನಮ್ಮ ವ್ರತಗಳ ಮಾತು. ಭಯದಲ್ಲಿ ಹಿಡಿದ ನಿಯಮವು ವ್ರತವಾಗುವುದೇ? ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳಿಲ್ಲದವನೇ ವ್ರತಿ. 'ಈ ಉಪವಾಸ ಮಾಡುವೆನು, ಈ ಬೇನೆ ಹೋಗಲಿ' ಎಂಬ ಕರಾರು ನಿದಾನದ ಛಾಯೆಯನ್ನು ಹೊತ್ತಿದೆ. ವರದ ಆಸೆಯಿಂದ ದೇವತೆಗಳನ್ನು ಪೂಜಿಸುವುದನ್ನು ಸಮಂತಭದ್ರಾಚಾರ್ಯರು ದೇವಮೂಢತೆಯೆಂದರು. ದೇವತೆಯ ಸ್ಥಾನದಲ್ಲಿ ಉಪವಾಸವನ್ನಿಟ್ಟರೆ ಮೂಢತೆ ಮಾಯವಾಗದು. ಷೋಡಶ ಭಾವನೆಗಳಲ್ಲಿ ತಪಸ್ಸಿನ ಹಿಂದೆ 'ಶಕ್ತಿತಃ' ಎಂಬ ಪದವಿದೆ, ಎಂದರೆ ಶಕ್ತಿಗೆ ತಕ್ಕಷ್ಟು. ಸಲ್ಲೇಖನೆಗೂ ರತ್ನಕರಂಡಕವು ವಿಧಿಸಿದ ನಿಬಂಧನೆಯೆಂದರೆ ರೋಗವು ಪ್ರತೀಕಾರವಿಲ್ಲದ್ದಾಗಿರಬೇಕೆಂಬುದು. ಪ್ರತೀಕಾರವಿರುವಲ್ಲಿ ಚಿಕಿತ್ಸೆ ಮಾಡಿಸಿಕೊಳ್ಳುವುದೇ ಆಚಾರ್ಯರ ಅಭಿಪ್ರಾಯವೆಂದು ಇದರಿಂದ ಸ್ಪಷ್ಟವಾಗುತ್ತದೆ. ಹೀಗಿರುವಾಗ ಔಷಧವನ್ನು ಬಿಡಿಸಿ ಉಪವಾಸ ಹಿಡಿಸುವವರು ಯಾವ ಶಾಸ್ತ್ರವನ್ನು ಓದಿದ್ದಾರೆ? ನಮ್ಮ ಉಗ್ರಾದಿತ್ಯಾಚಾರ್ಯರು 9ನೆಯ ಶತಮಾನದಲ್ಲಿ 'ಕಲ್ಯಾಣಕಾರಕ'ವನ್ನು ರಚಿಸಿದ್ದು, ಮದ್ಯ ಮಾಂಸಗಳಿಲ್ಲದೆಯೂ ರೋಗಗಳನ್ನು ಗುಣಪಡಿಸಬಹುದೆಂದು ತೋರಿಸುವುದಕ್ಕಾಗಿ. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು.

ರೋಗಿಯೆದುರು ಧರ್ಮವು ಹೇಗಿರಬೇಕೆಂಬುದಕ್ಕೆ ಎರಡೂ ಪರಂಪರೆಗಳಲ್ಲಿ ಒಂದೊಂದು ಕಥೆಯಿದೆ. ಅತಿಸಾರದಿಂದ ತನ್ನ ಮಲದಲ್ಲಿಯೇ ಬಿದ್ದಿದ್ದ ಭಿಕ್ಷುವನ್ನು ಬುದ್ಧನೂ ಆನಂದನೂ ಕೈಯಾರೆ ತೊಳೆದು ಮಲಗಿಸಿದರೆಂದು ವಿನಯಪಿಟಕದಲ್ಲಿದೆ. ನಮ್ಮ ನಿರ್ವಿಚಿಕಿತ್ಸಾ ಅಂಗದ ಕಥೆಯಲ್ಲಿ, ರೋಗಿಷ್ಠ ಮುನಿಯ ವೇಷದಲ್ಲಿ ಬಂದ ದೇವನು ವಾಂತಿ ಮಾಡಿದಾಗ ಉದ್ದಾಯನರಾಜನು ಹೇಸದೆ ತೊಳೆದನು. ಬುದ್ಧನಾಗಲಿ ಉದ್ದಾಯನನಾಗಲಿ ಮೊದಲು ಕರ್ಮದ ವಿಚಾರಣೆ ಮಾಡಲಿಲ್ಲ, ನೀರು ತಂದರು. ವೈಯಾವೃತ್ಯವು ಅಂತರಂಗ ತಪಸ್ಸುಗಳಲ್ಲಿ ಒಂದು, ಅದಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ಗ್ಲಾನನೂ, ಎಂದರೆ ರೋಗಿಯೂ, ಇದ್ದಾನೆ.

ಮತಾಂತರದ ಕುರಿತ ಮಸೂದೆಯೊಂದನ್ನು 2021ರ ಡಿಸೆಂಬರ್‌ನಲ್ಲಿ ವಿಧಾನಸಭೆಯು ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿಯೇ ಅಂಗೀಕರಿಸಿತು. 2022ರಲ್ಲಿ ಅದು ಕಾನೂನಾಯಿತು. 2023ರ ಜೂನ್‌ನಲ್ಲಿ ಸಚಿವಸಂಪುಟವು ಅದನ್ನು ಹಿಂತೆಗೆಯಲು ನಿರ್ಧರಿಸಿತು. ಕಾನೂನು ಇರಲಿ ಬಿಡಲಿ, ರೋಗಿಯ ತಲೆದಿಂಬಿನ ಬಳಿ ಪೊಲೀಸರು ಕುಳಿತಿರಲಾರರು. ಅಲ್ಲಿ ಕುಳಿತಿರಬೇಕಾದವರು ನಾವು. ಸಾಧರ್ಮಿಗಳು ಬಾರದ ಹಾಸಿಗೆಯ ಬಳಿಗೆ ಇತರರು ಬಂದರೆಂದು ದೂರುವುದು ನ್ಯಾಯವಲ್ಲ.

ಬಂದವರೆಲ್ಲರನ್ನೂ ಸಂಶಯದಿಂದ ಕಾಣಬೇಕಾಗಿಯೂ ಇಲ್ಲ. ಏನನ್ನೂ ಬೇಡದೆ ಸೇವೆ ಮಾಡುವವರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಅವರನ್ನು ಗುರುತಿಸಲು ಒಂದು ಒರೆಗಲ್ಲು ಸಾಕು. 'ನಿಮ್ಮ ಮಾರ್ಗಕ್ಕೆ ನಾನು ಬರುವುದಿಲ್ಲ' ಎಂದು ರೋಗಿ ಹೇಳಿದ ಮರುದಿನವೂ ಗಂಜಿ ತಂದವನು ಧರ್ಮಾತ್ಮ. ಬಾರದೆ ಹೋದವನು ವ್ಯಾಪಾರಿ. ಈ ಒರೆಗಲ್ಲಿಗೆ ನಮ್ಮವರೂ ಹೊರತಾಗಬಾರದು. ಕರ್ಮವೆಂಬ ಕನ್ನಡಿಯನ್ನು ಶಾಸ್ತ್ರಕಾರರು ನಮ್ಮ ಕೈಗೆ ಕೊಟ್ಟದ್ದು ನಮ್ಮ ಮುಖವನ್ನು ನಾವು ನೋಡಿಕೊಳ್ಳಲಿ ಎಂದು. ನರಳುವವರ ಮುಖಕ್ಕೆ ಅದನ್ನು ಹಿಡಿಯದಿರುವುದೂ ಒಂದು ವ್ರತ. ಮುಂಬರುವ ಚಾತುರ್ಮಾಸದಲ್ಲಿ ಶ್ರಾವಕ ಶ್ರಾವಿಕೆಯರು ತಮ್ಮ ಉಪವಾಸಗಳ ಜೊತೆಗೆ ಈ ವ್ರತವನ್ನೂ ಸ್ವೀಕರಿಸಿ, ವಾರಕ್ಕೊಮ್ಮೆಯಾದರೂ ಒಬ್ಬ ರೋಗಿಯ ಬಳಿ ಮೌನವಾಗಿ ಕುಳಿತು ಬಂದರೆ, ಅದೂ ತಪಸ್ಸೇ ಆಗುವುದು.