ಒಂದೇ ಹಾಡಿನ ಸುಕ್ಕು

ತೊಂಬತ್ತರ ದಶಕ. ಉರ್ದು ಶಾಲೆ ಮುಗಿಸಿ ಕನ್ನಡ ಹೈಸ್ಕೂಲು ಸೇರಿದ್ದ ನಾವು ಸಿಂಧನೂರಿನ ಒಂದು ಕ್ಯಾಸೆಟ್ ಅಂಗಡಿಯ ಮುಂದೆ ನಿಂತು ಪುಕ್ಕಟೆ ಹಾಡು ಕೇಳುತ್ತಿದ್ದೆವು. ನವೆಂಬರ್ ಬಂತೆಂದರೆ 'ನಿತ್ಯೋತ್ಸವ'. ಹಾಡು ಮುಗಿಯುವಷ್ಟರಲ್ಲಿ ಯಾರಾದರೊಬ್ಬರು, "ಚಾಚಾ, ಅದನ್ನ ಇನ್ನೊಮ್ಮೆ ಹಾಕ್ರಿ" ಅನ್ನುವರು. ಒಂದು ದಿನ ಟೇಪು ಸಿಕ್ಕಿಕೊಂಡಿತು. ಚಾಚಾ ಪೆನ್ಸಿಲು ತೂರಿಸಿ ಸುತ್ತುವಾಗ ಕಂಡೆವು: ಆ ಒಂದು ಹಾಡಿನ ಜಾಗ ಪೂರಾ ಸುಕ್ಕು, ಉಳಿದದ್ದು ಹೊಸದರಂತೆ ನುಣುಪು.

ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಆ ಧ್ವನಿಸುರುಳಿ 1978ರಲ್ಲಿ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದು. ನಾಡಹಬ್ಬದ ಹಾಡಿನ ಮೇಲೆ ನಮ್ಮ ಮಾಮೂಜಾನರಂಥ ಹೆಸರು! ನಾವು ಬೀಗಿದ್ದೆವು, ಸುಳ್ಳೇಕೆ.

ಆದರೆ ಅನಂತರ ಏನಾಯಿತು? 'ಮನಸು ಗಾಂಧಿ ಬಜಾರು', 'ಸಂಜೆ ಐದರ ಮಳೆ' ಬರೆದ, ಭೂವಿಜ್ಞಾನ ಕಲಿಸಿದ, 2006ರ ಶಿವಮೊಗ್ಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ನಿಸಾರರು 2020ರ ಮೇ 3ರಂದು ತೀರಿಕೊಂಡಾಗಲೂ 'ನಿತ್ಯೋತ್ಸವದ ಕವಿ'ಯೇ. ನಾಡನ್ನು ಹೊಗಳಿದ ಹಾಡು ಎಲ್ಲರಿಗೂ ಬೇಕಾಯಿತು. ಅದೇ ಕವಿ 'ನಾನೆಂಬ ಪರಕೀಯ' ಎಂದೊಂದು ಪುಸ್ತಕಕ್ಕೆ ಹೆಸರಿಟ್ಟದ್ದೇಕೆ ಎಂದು ಸಭೆಯಲ್ಲಿ ಕೇಳಿದವರನ್ನು ನಾವು ಕಂಡಿಲ್ಲ. ಅನಂತಸ್ವಾಮಿಯವರದು ಇನ್ನೂ ವಿಚಿತ್ರ. ರಾಜರತ್ನಂ ಅವರ ರತ್ನನ ಪದಗಳನ್ನು ಕುಡುಕನ ಬಾಯಿಂದ ಎಲ್ಲರ ಬಾಯಿಗೆ ತಂದವರು ಅವರು. 1995ರಲ್ಲಿ ಹೋದರು. ನಾಡಗೀತೆಗೆ ಅವರ ಧಾಟಿಯೇ ಅಧಿಕೃತವೆಂದು ಸರ್ಕಾರ ಹೇಳಿದ್ದು 2022ರಲ್ಲಿ. ಶಾಲೆಗಳಲ್ಲಿ ದಿನವೂ ಅವರ ರಾಗ ಕೇಳುತ್ತದೆ, ಹೆಸರು ಕೇಳುವುದಿಲ್ಲ.

ಇದು ಅನ್ಯಾಯವೇ? ಥಟ್ಟನೆ ಹೌದೆನ್ನಲು ನಮಗೆ ಸಂಕೋಚ. ಒಬ್ಬರು ಮಾಡಿದ್ದೆಲ್ಲ ಒಂದೇ ತೂಕದ್ದಿರುವುದಿಲ್ಲ. ಹಟ್ಟಿಯ ಗಣಿಯಲ್ಲಿ ಅಗೆದ ಕಲ್ಲೆಲ್ಲ ಚಿನ್ನವೇ? ಆ ಹಾಡು ನಿಜಕ್ಕೂ ಮಿಗಿಲಾದದ್ದು ಎಂದು ಎಲ್ಲ ಕೇಳಿದ ಮೇಲೆ ಯಾರಾದರೂ ಅಂದರೆ ನಮ್ಮ ತಕರಾರಿಲ್ಲ. ಕೇಳದೆಯೇ ತೀರ್ಪು ಕೊಟ್ಟೆವಲ್ಲ, ಅದು ಚುಚ್ಚುತ್ತದೆ.

ಮಸ್ಕಿಯ ಬಂಡೆಯನ್ನೇ ನೋಡಿ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಶಾಸನ ಅದು. ಅದುವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ. ಅಶೋಕ ಎಂಬ ಹೆಸರು ಮೊದಲು ಕಂಡದ್ದು ಇಲ್ಲಿ. ಒಂದು ಕಲ್ಲು ಹೆಸರು ಹೇಳಿತು, ಜನ ಉಳಿದ ಕಲ್ಲುಗಳನ್ನು ಮತ್ತೆ ಓದಿದರು. ನಮ್ಮ ಹಾಡಿನ ವಿಷಯದಲ್ಲಿ ಹೆಸರು ಸಿಕ್ಕ ಕೂಡಲೇ ಓದು ನಿಂತಿತು.

ಇದನ್ನು ಬರೆಯಲು ನಮಗೊಂದು ಸ್ವಾರ್ಥವೂ ಇದೆ. ಲಿಂಗಸುಗೂರಿನ ಸಭೆಯೊಂದರಲ್ಲಿ ಹಿರಿಯರೊಬ್ಬರು ಕೈಹಿಡಿದು, "ನಿಮ್ಮ ಆ ಕಥೆ ಭಾಳ ಚಲೋ ಐತ್ರಿ" ಅಂದರು. ಇಪ್ಪತ್ತು ವರ್ಷದ ಹಿಂದಿನ ಕಥೆ. ಆಮೇಲಿನವು? ಅವರು ನಕ್ಕರು, ನಾವೂ ನಕ್ಕೆವು. ಬಸ್ಸಿನಲ್ಲಿ ಸಿಟ್ಟು ಬಂತು. ಮಸ್ಕಿ ದಾಟುವಾಗ ನೆನಪಾಯಿತು: ಚಾಚಾನ ಅಂಗಡಿಯ ಮುಂದೆ "ಅದನ್ನೇ ಹಾಕ್ರಿ" ಅಂದವರಲ್ಲಿ ನಾವೂ ಇದ್ದೆವು.

ಮನೆಗೆ ಬಂದು ಹಳೆಯ ಕ್ಯಾಸೆಟ್ಟು ಹುಡುಕಿ ತೆಗೆದೆವು. ಅದನ್ನು ಹಾಕಲು ಟೇಪ್‌ರೆಕಾರ್ಡರೇ ಇಲ್ಲ. ಮಗಳ ಫೋನಿನಲ್ಲಿ ಹುಡುಕಿದರೆ ಮೊದಲು ಬಂದದ್ದು ಅದೇ ಹಾಡು. ಅದು ಮುಗಿದ ಮೇಲೂ ಫೋನು ಹಿಂದಿರುಗಿಸಲಿಲ್ಲ. ಇನ್ನೊಂದು ಶುರುವಾಯಿತು.