ಗೆದ್ದವನು ಸೋತ, ಸೋತವನು ಸತ್ತ

ಕೋರ್ಟು ಮೆಟ್ಟಿಲು ಹತ್ತಿದವರನ್ನು ಕಂಡು ನಮ್ಮ ಹಿರಿಯರು ಕಟ್ಟಿದ ಗಾದೆ ಇದು. ‘ಸೋತವನು ಸತ್ತ’ ಎಂಬುದನ್ನು ಗಾದೆಗೆ ಸಹಜವಾದ ಉತ್ಪ್ರೇಕ್ಷೆ ಎಂದು ಬಿಡೋಣ. ಮೊದಲರ್ಧದಲ್ಲಿ ಮಾತ್ರ ಉತ್ಪ್ರೇಕ್ಷೆ ಏನೂ ಇಲ್ಲ.

ಪಾಲುವಿಭಾಗದ ದಾವೆಯನ್ನೇ ನೋಡಿ. ಅಣ್ಣನ ಮೇಲೆ ದಾವೆ ಹೂಡಿದ ತಮ್ಮ ಗೆದ್ದನೆನ್ನಿ. ಕೈಗೆ ಬರುವುದು ಪ್ರಾಥಮಿಕ ಡಿಕ್ರಿ. ‘ನಿನಗೆ ಅರ್ಧ ಪಾಲು ಉಂಟು’ ಎನ್ನುವ ಕಾಗದ. ಆ ಅರ್ಧ ಯಾವ ಕಡೆಯದು, ಬಾವಿ ಯಾರಿಗೆ, ಗಾಡಿದಾರಿ ಎಲ್ಲಿ ಎಂಬುದಕ್ಕೆಲ್ಲ ಅಂತಿಮ ಡಿಕ್ರಿಯ ಅರ್ಜಿ ಬೇರೆ. ಕಂದಾಯದ ಜಮೀನಾದರೆ ಕಡತ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಸರ್ವೆಗೆ ಕಾಯಬೇಕು. ನಡುವೆ ಅಣ್ಣ ಮೇಲ್ಮನವಿ ಹಾಕಿ ತಡೆಯಾಜ್ಞೆ ತಂದರೆ ಎಲ್ಲವೂ ನಿಂತಲ್ಲೇ ನಿಂತಿತು. ಗೆದ್ದವನು ಸೋಲುವುದು ಹೀಗೆ, ವಾಯಿದೆಗಿಷ್ಟರಂತೆ.

ಆದರೆ ಈ ಗಾದೆಯನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬುದನ್ನೂ ನೋಡಬೇಕು. ಹೆಚ್ಚಾಗಿ, ಪಾಲು ಕೇಳಿದ ತಂಗಿಗೆ ಅಣ್ಣಂದಿರು. ‘ಕೋರ್ಟು ಕಚೇರಿ ಎಲ್ಲ ಯಾಕಮ್ಮ, ಅರಿಶಿನ ಕುಂಕುಮಕ್ಕೆ ಅಂತ ಏನಾದರೂ ಕೊಡ್ತೀವಿ’ ಎಂದು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಅದನ್ನೇ ರಾಜಿ ಎನ್ನುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಾದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಕೋರ್ಟಿಗೆ ಹೋಗಿದ್ದರೆ ತನಗೇನು ಸಿಗುತ್ತಿತ್ತೆಂದು ಅರಿಯದವಳಿಗೆ ತಾನು ಬಿಟ್ಟುಕೊಟ್ಟದ್ದು ಎಷ್ಟೆಂದಾದರೂ ಹೇಗೆ ಗೊತ್ತಾಗಬೇಕು?

ಆದ್ದರಿಂದಲೇ ರಾಜಿಗೂ ವಕೀಲರು ಬೇಕು. ಊರ ಕಟ್ಟೆಯ ಮೇಲೆ ಕೂತ ಗೌಡರು ತೀರ್ಪು ಹೇಳಿಬಿಡುತ್ತಿದ್ದರು; 2023ರ ಮಧ್ಯಸ್ಥಿಕೆ ಕಾಯಿದೆಯಡಿ ರಾಜಿ ಮಾತುಕತೆ ನಡೆಸಿಕೊಡುವ ಮಧ್ಯಸ್ಥಗಾರರಿಗೆ ಆ ಅಧಿಕಾರವಿಲ್ಲ. ಅವರು ಯಾರ ಪರವೂ ಅಲ್ಲ, ನಿಮಗೆ ಕಾನೂನು ಸಲಹೆ ಕೊಡುವುದೂ ಅವರ ಕೆಲಸವಲ್ಲ. ಬೆಂಗಳೂರಿನ ನ್ಯಾಯದೇಗುಲದಲ್ಲಿ ಹೈಕೋರ್ಟಿನ ಆಶ್ರಯದಲ್ಲಿ 2007ರಲ್ಲಿ ಶುರುವಾದ ಮಧ್ಯಸ್ಥಿಕೆ ಕೇಂದ್ರದಲ್ಲಿ ತರಬೇತಿ ಪಡೆದ ವಕೀಲರೇ ಮಧ್ಯಸ್ಥಗಾರರು. ಇಬ್ಬರನ್ನೂ ಎದುರುಬದುರು ಕೂರಿಸುತ್ತಾರೆ, ಬೇಕಾದರೆ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ. ಅಲ್ಲಿ ಆಡಿದ ಮಾತನ್ನು ಆಮೇಲೆ ಕೋರ್ಟಿನಲ್ಲಿ ಸಾಕ್ಷ್ಯವೆಂದು ಎತ್ತುವಂತಿಲ್ಲ. ಮಾತುಕತೆ ಮುರಿದರೆ ದಾವೆ ಮತ್ತೆ ಮುಂದುವರಿಯುತ್ತದೆ, ಅಷ್ಟೆ.

ನಿಮ್ಮ ಪಕ್ಕದಲ್ಲಿ ಕೂರುವ ವಕೀಲರನ್ನು ಆರಿಸುವಾಗ ಕೋರ್ಟಿನ ಅಳತೆಗೋಲು ಹಿಡಿಯಬೇಡಿ. ಮೊದಲ ಭೇಟಿಯಲ್ಲೇ ‘ಗೆದ್ದೇ ಗೆಲ್ತೀವಿ’ ಎನ್ನುವವರಿಗೆ ನಮಸ್ಕಾರ ಹೇಳಿ ಬನ್ನಿ. ದಾಖಲೆ ಓದಿ ‘ನಿಮ್ಮ ಕೇಸು ಇಲ್ಲಿ ಸಡಿಲ ಇದೆ’ ಎಂದು ತೋರಿಸುವವರು ಸಿಕ್ಕರೆ ಅವರನ್ನು ಬಿಡಬೇಡಿ. ಮಧ್ಯಸ್ಥಿಕೆಯಲ್ಲಿ ಕೂತು ಅಭ್ಯಾಸವಿದೆಯೇ, ಫೀಸು ವಾಯಿದೆಗಿಷ್ಟೋ ಒಟ್ಟು ಕೆಲಸಕ್ಕೋ ಎಂದು ಕೇಳಲು ಸಂಕೋಚ ಬೇಡ. ವಾಯಿದೆ ಲೆಕ್ಕದಲ್ಲಿ ಹಣ ಎಣಿಸುವವರಿಗೆ ರಾಜಿಯ ಆತುರ ಅಷ್ಟಾಗಿ ಇರುವುದಿಲ್ಲ. (ಎಲ್ಲರೂ ಹಾಗಲ್ಲ, ನಿಜ.)

ಒಪ್ಪಿದ್ದನ್ನು ಬರೆದು ಸಹಿ ಮಾಡಿ. ದಾವೆ ಇದ್ದರೆ ನ್ಯಾಯಾಧೀಶರ ಮುಂದಿಟ್ಟು ರಾಜಿ ಡಿಕ್ರಿ ಮಾಡಿಸಿಕೊಳ್ಳಿ; ಅದರ ಮೇಲೆ ಮೇಲ್ಮನವಿ ಇಲ್ಲ. ವಕೀಲರಿಗೆ ಕೊಡಲು ಹಣವಿಲ್ಲ ಎನ್ನುವವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿ ನೋಡದೆ ಉಚಿತವಾಗಿ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಕಾಯಿದೆಯಲ್ಲೇ ಇದೆ.