ಇಂದಿನ ಚಿಂತನೆ: ಪಟ್ಟಿಯಲ್ಲಿ ನಮಗಿಂತ ಮೇಲಿರುವ ಹೆಸರು



ಹೋದ ವಾರ ನಾಗಮಂಗಲದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಎಂ.ಎಸ್ಸಿ.ಗೆ ಅರ್ಜಿ ಹಾಕಿದ್ದಾನೆ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಿಲ್ಲ, ವೇಟಿಂಗ್ ಲಿಸ್ಟಿನಲ್ಲಿ ಮೂರನೆಯವನು. "ದಿನಕ್ಕೆ ಹತ್ತು ಸಲ ಮೊಬೈಲ್ ತೆಗೆದು ನೋಡ್ತೀನಿ ಮೇಡಂ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಲಿರೋ ಇಬ್ಬರೂ ಬುಟ್ಟು ಹೋಗ್ಲಿ ಅಂತ ಮನಸ್ಸು ಬೇಡ್ಕೊತಾನೇ ಇರ್ತದೆ. ಹಂಗೆ ಬಯಸೋದು ತಪ್ಪಾ ಮೇಡಂ?" ಎಂದು ಕೇಳಿದ.

ಮಕ್ಕಳಿಗೆ ಪಂಚಶೀಲ ಹೇಳಿಕೊಡುವ ನನಗೆ ತಕ್ಷಣ ಉತ್ತರ ಬರಲಿಲ್ಲ. ನಾಳೆ ಮಾತಾಡೋಣ ಎಂದು ಫೋನ್ ಇಟ್ಟೆ. ಉತ್ತರ ಗೊತ್ತಿಲ್ಲದ್ದಕ್ಕಲ್ಲ. ಆ ಪ್ರಶ್ನೆಗೆ ನನ್ನದೇ ಒಂದು ಲೆಕ್ಕ ಬಾಕಿ ಇತ್ತು. ಅದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

2002ರಲ್ಲಿ ನಾನು ಮೈಸೂರಿಗೆ ಎಂ.ಎ. ಕನ್ನಡ ಸೇರಲು ಅರ್ಜಿ ಹಾಕಿದ್ದೆ. ನಮ್ಮೂರು ಕೆ.ಆರ್.ಪೇಟೆ ತಾಲ್ಲೂಕು. ಪಟ್ಟಿ ನೋಡಲು ಹೋದ ದಿನ ನಮ್ಮ ವರ್ಗದ ವೇಟಿಂಗ್ ಲಿಸ್ಟಿನಲ್ಲಿ ನಾನು ಎರಡನೆಯವಳು. ನನಗಿಂತ ಮೇಲೆ ಇದ್ದವಳು ನಾಗಮಂಗಲ ತಾಲ್ಲೂಕಿನ ಹುಡುಗಿ. ಅವಳೂ ಅಲ್ಲೇ ನೋಟಿಸ್ ಬೋರ್ಡಿನ ಮುಂದೆ ನಿಂತಿದ್ದಳು. ಅವಳು ಜಕ್ಕನಹಳ್ಳಿ ಮೇಲೆ ಬಂದಿದ್ದಳು, ನಾನು ಚಿನಕುರಳಿ ಮೇಲೆ. ಇಬ್ಬರೂ ಶ್ರೀರಂಗಪಟ್ಟಣದಲ್ಲಿ ಕಾವೇರಿ ಸೇತುವೆ ದಾಟಿ ಬಂದವರೇ. ಅವಳ ಮನೆಯಲ್ಲೂ ಡಿಗ್ರಿ ಮುಗಿಸಿದವರು ಅವಳೇ ಮೊದಲು, ನಮ್ಮ ಮನೆಯಲ್ಲೂ ನಾನೇ ಮೊದಲು. ಮರದ ಕೆಳಗೆ ಕೂತು ಅವಳು ತಂದಿದ್ದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಇಬ್ಬರೂ ತಿಂದೆವು.

ನಾನು ಅಶೋಕಪುರಂನಲ್ಲಿ ಚಿಕ್ಕಪ್ಪನ ಮನೆಯಲ್ಲಿ ಉಳಿಯುವವಳಿದ್ದೆ. ಅವಳಿಗೆ ಊರಿಗೆ ಹೋಗಲೇಬೇಕಿತ್ತು. ಬಸ್ ಟಿಕೆಟಿನ ಹಿಂದೆ ತಮ್ಮೂರಿನ ಎಸ್.ಟಿ.ಡಿ. ಬೂತಿನ ನಂಬರ್ ಬರೆದು ಕೊಟ್ಟಳು. "ನೀನು ಇಲ್ಲೇ ಇರ್ತೀಯಲ್ಲ, ಬೋರ್ಡ್‌ನಲ್ಲಿ ಏನಾದ್ರೂ ಹಾಕಿದ್ರೆ ಒಂದು ಮಾತು ತಿಳಿಸು ಕಣೆ" ಅಂದಳು. ಆಗಲಿ ಅಂದೆ.

ನಾಲ್ಕನೇ ದಿನ ಒಂದು ಸೀಟು ತೆರವಾಯಿತು. ಬೋರ್ಡಿನಲ್ಲಿ ಅವಳ ಹೆಸರು. ಮಾರನೆಯ ದಿನ ಸಂಜೆ ನಾಲ್ಕರೊಳಗೆ ಮೂಲ ದಾಖಲೆ, ಶುಲ್ಕದೊಂದಿಗೆ ಬರಬೇಕು, ಬಾರದಿದ್ದರೆ ಸೀಟು ಮುಂದಿನವರಿಗೆ. ಮನೆಗೆ ಹೋಗುವ ದಾರಿಯಲ್ಲಿ ಎರಡು ಎಸ್.ಟಿ.ಡಿ. ಬೂತ್ ಇದ್ದವು. ಎರಡನ್ನೂ ದಾಟಿ ಹೋದೆ. ಆಫೀಸಿನವರು ಕಾಗದ ಹಾಕಿರುತ್ತಾರೆ ಬಿಡು, ಅಂದುಕೊಂಡೆ. ನಾಳೆ ಬೆಳಿಗ್ಗೆ ಮಾಡಿದರಾಯಿತು, ಅಂದುಕೊಂಡೆ. ಬೆಳಿಗ್ಗೆಯೂ ಮಾಡಲಿಲ್ಲ.

ಮಾರನೆಯ ದಿನ ಮಧ್ಯಾಹ್ನದಿಂದ ಬಾಗಿಲ ಕಡೆ ನೋಡುತ್ತಾ ಕೂತೆ. ಯಾರಾದರೂ ಹುಡುಗಿ ದೂರದಲ್ಲಿ ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು, ಅವಳಲ್ಲ ಎಂದು ಗೊತ್ತಾದಾಗ ಹಗುರಾಗುತ್ತಿತ್ತು. ಅವಳು ಬರಲಿಲ್ಲ. ನಾಲ್ಕು ಗಂಟೆಗೆ ಗುಮಾಸ್ತರು ನನ್ನ ಹೆಸರು ಕೂಗಿದರು. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಅಂದು ಶುಲ್ಕದ ಹಣ ನನ್ನ ಚೀಲದಲ್ಲೇ ಇತ್ತು. ಬೆಳಿಗ್ಗೆಯೇ ಚಿಕ್ಕಪ್ಪನಿಂದ ಕೇಳಿ ಪಡೆದು ಹೊರಟಿದ್ದೆ.

ಊರಿಗೆ ಸುದ್ದಿ ಮುಟ್ಟಿದಾಗ ಅವ್ವ ಮಾರಮ್ಮನ ಗುಡಿಗೆ ಹೋಗಿ ಹರಕೆ ತೀರಿಸಿದಳು. "ನಿನ್ ಹಣೇಲಿ ಬರ್ದಿತ್ತು ಮಗ" ಅಂದಳು. ಆಗ ನಾನಿನ್ನೂ ದೀಕ್ಷೆ ಪಡೆದಿರಲಿಲ್ಲ. ಆ ಮಾತು ನನಗೆ ಬಹಳ ಹಿತವಾಗಿತ್ತು. ಹಣೆಬರಹ ಅಂದರೆ ಸಾಕು, ಯಾರೂ ಫೋನಿನ ವಿಷಯ ಕೇಳುವುದಿಲ್ಲ. ಆ ಹರಕೆ ಏನು ಕೇಳಿತ್ತು ಎಂದು ಯೋಚಿಸಿದ್ದು ಎಷ್ಟೋ ವರ್ಷದ ಮೇಲೆ. ಅವ್ವ ಕೇಳಿದ್ದು ಮಗಳಿಗೆ ಸೀಟು. ಆದರೆ ಇದ್ದದ್ದು ಒಂದೇ ಸೀಟು. ಅದನ್ನು ನನಗೆ ಕೊಡು ಎಂದರೆ ಇನ್ನೊಬ್ಬ ಅವ್ವನ ಮಗಳಿಗೆ ಕೊಡಬೇಡ ಎಂದೇ ಅರ್ಥ. ಬುದ್ಧರ ದಾರಿಯಲ್ಲಿ ಹೀಗೆ ಕೇಳಿಕೊಳ್ಳಲು ದೇವರಿಲ್ಲ, ಹೊಣೆ ಹೊರಿಸಲು ಹಣೆಬರಹವೂ ಇಲ್ಲ. ಉಳಿಯುವುದು ನಮ್ಮ ಮನಸ್ಸು, ನಮ್ಮ ಕೈ ಎರಡೇ.

ಈಗ ಹುಡುಗನ ಪ್ರಶ್ನೆ. ಬಯಸುವುದು ತಪ್ಪೇ?

ಹಸಿದವನ ಮನಸ್ಸಿಗೆ ಅನ್ನದ ಯೋಚನೆ ಬಂದೇ ಬರುತ್ತದೆ. ಮೇಲಿನವರು ಬಿಟ್ಟರೆ ನನಗೆ ಸಿಗುತ್ತದೆ ಎಂಬ ಯೋಚನೆಯೂ ಹಾಗೆಯೇ ತಾನಾಗಿ ಹುಟ್ಟುತ್ತದೆ. ಅದಕ್ಕಾಗಿ ಯಾರೂ ತಲೆ ತಗ್ಗಿಸಬೇಕಿಲ್ಲ. ಆದರೆ ಬುದ್ಧರು ಕರ್ಮ ಎಂದದ್ದು ಚೇತನವನ್ನು, ಅಂದರೆ ಉದ್ದೇಶವನ್ನು. ಹುಟ್ಟಿದ ಯೋಚನೆಗೆ ದಿನವೂ ನೀರೆರೆದು ಬೆಳೆಸುವುದು ಬೇರೆ, ಬಂತು ಎಂದು ಗುರುತಿಸಿ ಬಿಡುವುದು ಬೇರೆ. ಬಯಕೆ ಬಂದದ್ದು ನನ್ನ ತಪ್ಪಲ್ಲ. ಆ ಬಯಕೆಯ ಮಾತು ಕೇಳಿ ಎರಡು ಬೂತು ದಾಟಿದ್ದು ನನ್ನ ತಪ್ಪು. ಎರಡು ಮೂರು ರೂಪಾಯಿಯ ಫೋನ್ ಅದು.

ಎರಡನೇ ಶೀಲ ಅದಿನ್ನಾದಾನ. ಕೊಡದೆ ಇರುವುದನ್ನು ತೆಗೆದುಕೊಳ್ಳಬಾರದು. ಇದನ್ನು ಕಳ್ಳತನ ಎಂದಷ್ಟೇ ಮಕ್ಕಳಿಗೆ ಹೇಳುತ್ತೇವೆ. ನಿಯಮದ ಪ್ರಕಾರ ಆ ಸೀಟನ್ನು ನನಗೆ ಕೊಟ್ಟರು, ಹೆಸರು ಕೂಗಿಯೇ ಕೊಟ್ಟರು. ಆದರೆ ಒಬ್ಬಳಿಗೆ ಮುಟ್ಟಬೇಕಾದ ಸುದ್ದಿ ನನ್ನ ಕೈಯಲ್ಲಿತ್ತು, ಅದನ್ನು ನಾನು ಇಟ್ಟುಕೊಂಡೆ. ಅವಳಿಗೆ ಕಾಗದ ಮುಟ್ಟಿತ್ತೋ, ಮುಟ್ಟಿಯೂ ಹಣ ಹೊಂದದೆ ಹೋಯಿತೋ, ಇಂದಿಗೂ ನನಗೆ ಗೊತ್ತಿಲ್ಲ. ತಿಳಿದುಕೊಳ್ಳಲು ನಾಗಮಂಗಲದ ಬಸ್ ಹತ್ತಲಿಲ್ಲ. ಅದು ಇನ್ನೊಂದು ತಪ್ಪು.

ವಿನಯಪಿಟಕದಲ್ಲಿ ಉಪಾಲಿಯ ಪ್ರಸಂಗ ನಿಮಗೆಲ್ಲ ಗೊತ್ತು. ಅನುರುದ್ಧ, ಆನಂದ, ಭದ್ದಿಯ ಮೊದಲಾದ ಶಾಕ್ಯ ಕುಮಾರರು ಪ್ರವ್ರಜ್ಯೆ ಪಡೆಯಲು ಬಂದರು. ಜೊತೆಗಿದ್ದವನು ಅವರ ಕ್ಷೌರಿಕ ಉಪಾಲಿ. ಸಂಘದಲ್ಲಿ ಯಾರು ಮೊದಲು ಸೇರುತ್ತಾರೋ ಅವರು ಹಿರಿಯರು. ಆಮೇಲೆ ಬಂದವರು ಎದ್ದು ನಿಂತು ನಮಸ್ಕರಿಸಬೇಕು. ಆ ಕುಮಾರರು ಭಗವಾನರಿಗೆ, ಮೊದಲು ಉಪಾಲಿಯನ್ನು ಸೇರಿಸಿಕೊಳ್ಳಿ, ಅವನಿಗೆ ನಮಸ್ಕರಿಸುವುದರಿಂದ ನಮ್ಮ ಶಾಕ್ಯರ ಗರ್ವ ಕುಗ್ಗಲಿ ಎಂದು ಕೇಳಿಕೊಂಡರು. ಸಾಲಿನಲ್ಲಿ ಮುಂದಿದ್ದವರು ತಾವಾಗಿಯೇ ಹಿಂದೆ ಸರಿದರು. ಈ ಕಥೆಯನ್ನು ಜಾತಿಯ ಪಾಠವಾಗಿ ನಾನು ಎಷ್ಟೋ ಸಲ ಹೇಳಿದ್ದೇನೆ. ಅದು ಸಾಲಿನ ಪಾಠವೂ ಹೌದು ಎಂದು ಈಗ ಅನಿಸುತ್ತದೆ. ಆದರೆ ಒಂದು ವ್ಯತ್ಯಾಸ ಮರೆಯಬಾರದು. ಸಂಘದಲ್ಲಿ ಜಾಗಕ್ಕೆ ಮಿತಿ ಇರಲಿಲ್ಲ. ಉಪಾಲಿ ಒಳಗೆ ಹೋದರೆ ಅನುರುದ್ಧ ಹೊರಗೆ ಉಳಿಯಬೇಕಾಗಿರಲಿಲ್ಲ. ನಮ್ಮ ಇಬ್ಬರು ಹುಡುಗಿಯರಿಗೆ ಇದ್ದದ್ದು ಒಂದೇ ಬಾಗಿಲು, ಅದೂ ಒಬ್ಬರಿಗೆ ಹಿಡಿಸುವಷ್ಟು.

ಇಲ್ಲಿಗೇ ನಿಲ್ಲಿಸಿದರೆ ಚಿಂತನೆ ಅರ್ಧವಾಗುತ್ತದೆ. ತಲೆಮಾರುಗಳಿಂದ ನಮಗೆ 'ತಾಳಿದವನು ಬಾಳಿಯಾನು' ಎಂದು ಹೇಳಿದವರು ಬಹಳ ಜನ. ಸಾಲು ಏಕೆ ಇಷ್ಟು ಉದ್ದ, ಸೀಟು ಏಕೆ ಇಷ್ಟು ಕಡಿಮೆ ಎಂದು ಕೇಳಬೇಡಿ ಎನ್ನುವುದೂ ಆ ಮಾತಿನೊಳಗೆ ಇತ್ತು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಖಂತಿಯನ್ನು ವಿವರಿಸುವಾಗ ದ್ವೇಷಕ್ಕೆ ದ್ವೇಷದಿಂದ ಉತ್ತರಿಸದಿರುವುದೇ ಅದರ ತಿರುಳು ಎನ್ನುತ್ತಾರೆ. ಸುಮ್ಮನೆ ಕೂರುವುದು ಎನ್ನುವುದಿಲ್ಲ. ಅದೇ ಪಟ್ಟಿಯಲ್ಲಿ ವೀರ್ಯವೂ ಇದೆ, ಹಿಡಿದ ಕೆಲಸವನ್ನು ಹಿಂದಿರುಗಿ ನೋಡದೆ ಮಾಡುವ ಪ್ರಯತ್ನ.

ಅವರೇ ಹಾಗೆ ಕಾದವರು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಲಂಡನ್ನಿನ ಓದು ನಡುವೆಯೇ ನಿಂತಿತು. ನಾಲ್ಕು ವರ್ಷದೊಳಗೆ ಬಂದು ಮುಂದುವರಿಸಬಹುದು ಎಂಬ ಅನುಮತಿ ಮಾತ್ರ ಕೈಯಲ್ಲಿತ್ತು. ಆ ಮೂರು ವರ್ಷ ಅವರು ಬಾಗಿಲು ನೋಡುತ್ತಾ ಕೂರಲಿಲ್ಲ. 1918ರಲ್ಲಿ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ಹಣ ಕೂಡಿಟ್ಟರು. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ನಮ್ಮ ಪರವಾಗಿ ಹೇಳಿಕೆ ಕೊಟ್ಟರು. 1920ರ ಜನವರಿ 31ರಂದು 'ಮೂಕನಾಯಕ' ಹೊರಬಂತು. ಕೂಡಿಟ್ಟ ಹಣ, ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭತೇನಾ ಕೊಟ್ಟ ಸಾಲ, ಇವುಗಳಿಂದ ಅದೇ ವರ್ಷ ಲಂಡನ್ನಿಗೆ ಮರಳಿದರು. 1923ರಲ್ಲಿ ಡಿ.ಎಸ್ಸಿ. ಪಡೆದರು.

ಅವರು ಅಷ್ಟಕ್ಕೇ ನಿಲ್ಲಲಿಲ್ಲ. ವೈಸ್‌ರಾಯ್ ಮಂಡಳಿಯ ಸದಸ್ಯರಾಗಿದ್ದಾಗ ಸರ್ಕಾರವನ್ನು ಒತ್ತಾಯಿಸಿದ್ದರಿಂದ 1944ರಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ನಾನು, ನೀವು, ನಮ್ಮ ಮಕ್ಕಳು ಕಾಲೇಜಿನಲ್ಲಿ ಅರ್ಜಿ ತುಂಬಿ ಪಡೆದ ಸ್ಕಾಲರ್‌ಶಿಪ್ಪಿನ ಬೇರು ಅದು. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ, 1946ರಲ್ಲಿ ಸಿದ್ಧಾರ್ಥ ಕಾಲೇಜು. ಹಣವಿಲ್ಲದೆ ಕಾದವರು ಹಿಂದೆ ಬರುವವರಿಗೆ ಹಣದ ದಾರಿ ಮಾಡಿದರು. ಸೀಟಿಲ್ಲದವರಿಗೆ ಕಾಲೇಜನ್ನೇ ಕಟ್ಟಿದರು.

ನನ್ನ ತಪ್ಪಿನ ಬೇರು ಇಲ್ಲಿ ಕಾಣುತ್ತದೆ. ಸೀಟು ಕಡಿಮೆ ಎಂಬ ಸಿಟ್ಟು ವ್ಯವಸ್ಥೆಯ ಕಡೆ ತಿರುಗಬೇಕಿತ್ತು. ನಾನು ಅದನ್ನು ರೊಟ್ಟಿ ಹಂಚಿಕೊಂಡವಳ ಕಡೆ ತಿರುಗಿಸಿದೆ. ಒಂದು ಸೀಟಿಗೆ ನಮ್ಮ ಇಬ್ಬರು ಮಕ್ಕಳು ಕಾದಾಡಿದರೆ, ಸೀಟು ಒಂದೇ ಏಕೆ ಎಂದು ಕೇಳುವವರು ಯಾರೂ ಉಳಿಯುವುದಿಲ್ಲ.

ಮಾರನೆಯ ದಿನ ಹುಡುಗನಿಗೆ ಇದೆಲ್ಲ ಹೇಳಿದೆ. ಇಪ್ಪತ್ತು ವರ್ಷದ ಮೇಲಾದರೂ ನನ್ನ ಯಜಮಾನರಿಗೂ ಹೇಳದ ವಿಷಯ. ಕೊನೆಗೆ ಅಂದೆ: "ಬಯಕೆ ಬತ್ತದೆ, ಬರ್ಲಿ. ನಿನಗೆ ಗೊತ್ತಾದ ದಿನಾಂಕ, ದಾಖಲೆ, ಯಾವುದನ್ನೂ ಮೇಲಿನವರಿಂದ ಮುಚ್ಚಿಡಬೇಡ. ಅಷ್ಟು ಮಾಡಿದ ಮೇಲೆ ಸೀಟು ನಿನಗೆ ಬಂದ್ರೆ ತಲೆ ಎತ್ತಿ ಕೂತ್ಕೊ. ಬರದಿದ್ರೆ ಈ ವರ್ಷ ಬಿ.ಇಡಿ.ಗೆ ಓದು, ಸಂಜೆ ಊರಿನ ಮಕ್ಕಳಿಗೆ ಲೆಕ್ಕ ಹೇಳ್ಕೊಡು. ಸುಮ್ನೆ ಮೊಬೈಲ್ ನೋಡ್ಕೊಂಡು ಕೂರಬೇಡ." ಅವನು "ಅವರ ನಂಬರ್ ಗ್ರೂಪಲ್ಲಿ ಐತೆ ಮೇಡಂ" ಅಂದ. ಇವತ್ತಿಗೂ ಅವನ ಸರದಿ ಬಂದಿಲ್ಲ.

ಇಂದಿನ ಅಭ್ಯಾಸ: ನಿಮ್ಮ ಮನೆಯ ಮಕ್ಕಳು ಎರಡು ಕಡೆ ಸೀಟು ಹಿಡಿದಿದ್ದರೆ, ಬೇಡದ್ದನ್ನು ಕೊನೆಯ ದಿನದವರೆಗೆ ಕಾಯದೆ ಇವತ್ತೇ ರದ್ದು ಮಾಡಿಸಿ. ಅದರ ಕೆಳಗೆ ಒಬ್ಬರು ಕಾಯುತ್ತಿದ್ದಾರೆ. ಅದೂ ದಾನವೇ. ಯಾರಿಗಾದರೂ ಮುಟ್ಟಿಸಬೇಕಾದ ಸುದ್ದಿ ನಿಮ್ಮ ಬಳಿ ಉಳಿದಿದ್ದರೆ ಇವತ್ತೇ ಮುಟ್ಟಿಸಿ. ಈ ಭಾನುವಾರ ಶ್ರೀರಂಗಪಟ್ಟಣದ ಅಧ್ಯಯನಕ್ಕೆ ಬಂದಾಗ, ನಾಲ್ಕೂ ತಾಲ್ಲೂಕಿನ ಮಕ್ಕಳಿಗೆ ಶುಲ್ಕದ ಕೊನೆಯ ದಿನ ಕೈಸಾಲ ಕೊಡಲು ಒಂದು ಸಣ್ಣ ನಿಧಿ ಕೂಡಿಸುವ ಬಗ್ಗೆ ಮಾತಾಡೋಣ. ಮೊದಲ ಕಂತು ನನ್ನದು. ಅದು ದಾನವಲ್ಲ, ಬಾಕಿ.

ಭವತು ಸಬ್ಬ ಮಂಗಲಂ. ಜೈ ಭೀಮ್.